ರುದ್ರಮ್ಮ ಸಿಸ್ಟರ್ ಮತ್ತು ಛತ್ರದ ಹೊಗೆ

ರುದ್ರಮ್ಮ ಸಿಸ್ಟರ್ ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ಹಿಡಿದು ಉಗುರು ನೋಡುತ್ತಿದ್ದರು. ಆಮೇಲೆ ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಕೆಂಪು ಪರೀಕ್ಷಿಸುತ್ತಿದ್ದರು. ಇಷ್ಟಾದ ಮೇಲೆಯೇ "ಚೆನ್ನಾಗಿದೀಯೇನಮ್ಮಾ?" ಎಂಬ ಪ್ರಶ್ನೆ. ಅಷ್ಟರಲ್ಲಿ ಉತ್ತರ ಅವರಿಗೇ ಸಿಕ್ಕಿಬಿಟ್ಟಿರುತ್ತಿದ್ದುದರಿಂದ ನಮ್ಮ ಉತ್ತರಕ್ಕೆ ಕಾಯುತ್ತಿರಲಿಲ್ಲ. ಒಮ್ಮೆ ಅಪ್ಪನ ಆಫೀಸಿನ ಮೇಲಧಿಕಾರಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಪಕ್ಕದ ಮನೆಯಿಂದ ಮಜ್ಜಿಗೆಹುಳಿ ಕೊಡಲು ಬಂದ ರುದ್ರಮ್ಮ, ಅವರ ನಮಸ್ಕಾರದ ಕೈಯನ್ನೇ ಹಿಡಿದು ತಿರುಗಿಸಿ ನೋಡಿ, "ಸಾರ್, ಸಿಗರೇಟು ಬಿಡಿ. ಇಲ್ದಿದ್ರೆ ಪೆನ್ಷನ್ ತಗೊಳ್ಳೋಕೆ ನೀವಿರಲ್ಲ" ಎಂದರು. ಅಪ್ಪ ಆ ವಾರವೆಲ್ಲ ಆಫೀಸಿನಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡಿದರು.

ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಸರ್ವೀಸು ಮುಗಿಸಿ, ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಪಕ್ಕದಲ್ಲೇ ಒಂದು ಪುಟ್ಟ ಮನೆ ಕಟ್ಟಿಸಿಕೊಂಡಿದ್ದರು. ತಿಪಟೂರಿನ ಕಡೆಯವರು. ಹಣೆ ತುಂಬ ವಿಭೂತಿ, ಬಿಳಿಯ ವಾಯಿಲ್ ಸೀರೆ, ನಿವೃತ್ತರಾದ ಮೇಲೂ ಎದೆಯ ಮೇಲೆ ಪಿನ್ನಿಗೆ ಸಿಕ್ಕಿಸಿದ ನರ್ಸಿನ ಗಡಿಯಾರ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಅಷ್ಟೊಂದು ಗಂಡಸರು ಮತ್ತಿನ ಇಂಜೆಕ್ಷನ್ ತಗೊಂಡು ಬಾಯಿ ಬಿಟ್ಕೊಂಡು ಮಲಗಿರೋದನ್ನ ನೋಡಿದೀನಿ ಕಣ್ರೀ, ಸಾಕು" ಎನ್ನುತ್ತಿದ್ದರು. ಅವರ ದನಿ ಬಹಳ ದೊಡ್ಡದು. ಥಿಯೇಟರಿನಲ್ಲಿ ಇಷ್ಟು ಜೋರಾಗಿ ಮಾತಾಡಿದರೆ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲವೆ ಎಂದು ಅಮ್ಮನಿಗೆ ಸದಾ ಅನುಮಾನ.

ನಮ್ಮ ಎರಡು ಮನೆಗಳ ಹಿಂದೆ ಒಂದು ಮದುವೆ ಛತ್ರವಿತ್ತು. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ಕರೆಂಟು ಹೋಗುತ್ತಿತ್ತು. ಜಲಾಶಯಗಳಲ್ಲಿ ನೀರಿಲ್ಲ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಮದುವೆಗಳ ಕಾಲವೂ ಅದೇ. ಹಾಗಾಗಿ ಛತ್ರದವರು ಎಲ್ಲಿಂದಲೋ ಒಂದು ಹಳೆಯ ಡೀಸೆಲ್ ಜನರೇಟರ್ ತಂದು ಹಿತ್ತಲಲ್ಲಿ ಕೂರಿಸಿದರು. ಅದು ಶುರುವಾದರೆ ನಮ್ಮ ಅಡುಗೆಮನೆಯ ತಟ್ಟೆಗಳು ಗೂಡಿನಲ್ಲೇ ಕುಣಿಯುತ್ತಿದ್ದವು. ಹೊಗೆಯ ಕೊಳವೆ ನೇರ ನಮ್ಮ ತಾರಸಿಗಳ ಕಡೆಗೇ ಮುಖ ಮಾಡಿತ್ತು. ಒಗೆದ ಬಟ್ಟೆ ಒಣಗುವ ಹೊತ್ತಿಗೆ ಮತ್ತೆ ಒಗೆಯುವ ಹಾಗಾಗುತ್ತಿತ್ತು. ಅಮ್ಮ ಗೊಣಗಿ ಸುಮ್ಮನಾಗುತ್ತಿದ್ದಳು. ರುದ್ರಮ್ಮನವರಿಗೆ ಗೊಣಗಿ ಅಭ್ಯಾಸವಿರಲಿಲ್ಲ.

ಒಂದು ದಿನ ಅವರು ಬಿಳಿ ಪಂಚೆಯ ಮೇಲೆ ಒಣಹಾಕಿದ್ದ ಅರಳು ಸಂಡಿಗೆಯ ಮೇಲೆಲ್ಲ ಮಸಿ ಬಿತ್ತು. ಅವರು ಕೂಗಾಡಲಿಲ್ಲ. ಸಂಡಿಗೆಯನ್ನು ಹಾಗೇ ಎಣ್ಣೆಯಲ್ಲಿ ಕರಿದು, ತಟ್ಟೆಯಲ್ಲಿ ಜೋಡಿಸಿ, ನನ್ನನ್ನೂ ಕರೆದುಕೊಂಡು ಛತ್ರದ ಮ್ಯಾನೇಜರ್ ನಂಜುಂಡಯ್ಯನವರ ಬಳಿ ಹೋದರು. ಒಳ್ಳೆಯ ಮನುಷ್ಯ, ಆದರೆ ಯಾವ ಕೆಲಸವನ್ನೂ ಮರುದಿನಕ್ಕೆ ಮುಂದೂಡುವ ಜಾಯಮಾನ.

"ಅಯ್ಯೋ, ಯಾಕೆ ತೊಂದ್ರೆ ತಗೊಂಡ್ರಿ ಸಿಸ್ಟರ್" ಎನ್ನುತ್ತ ಅವರು ಒಂದನ್ನು ಬಾಯಿಗೆ ಹಾಕಿಕೊಂಡರು. "ಎಳ್ಳು ಹಾಕಿದೀರಾ?"

"ಎಳ್ಳಲ್ಲ. ನಿಮ್ಮ ಜನರೇಟರ್ ಮಸಿ."

ನಂಜುಂಡಯ್ಯನವರ ದವಡೆ ಅಲ್ಲೇ ನಿಂತಿತು. ನುಂಗುವಂತಿಲ್ಲ, ಉಗಿಯುವಂತಿಲ್ಲ.

"ಅಗೀರಿ, ಅಗೀರಿ. ನಾನು ದಿನಾ ಉಸಿರಾಡ್ತಾ ಇದೀನಿ. ನೀವು ಒಂದ್ಸಲ ತಿಂದ್ರೆ ಏನೂ ಆಗಲ್ಲ."

ಅವರು ಪೂರ್ತಿ ನುಂಗುವ ತನಕ ರುದ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನುಂಗಿದ ಮೇಲೆ ಆತ, "ಏನ್ ಮಾಡ್ಲಿ ಹೇಳಿ ಸಿಸ್ಟರ್, ಮಾಡ್ತೀನಿ" ಎಂದರು. ರುದ್ರಮ್ಮ ಉಪಾಯವನ್ನೂ ಸಿದ್ಧಮಾಡಿಕೊಂಡೇ ಬಂದಿದ್ದರು. "ಹೊಗೇನ ನೀರೊಳಗೆ ಬಿಡಿ. ಮಸಿಯೆಲ್ಲ ನೀರಲ್ಲೇ ಉಳ್ಕೊಳ್ಳುತ್ತೆ."

ಛತ್ರದ ಪಕ್ಕದ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಇಕ್ಕಟ್ಟಾದ ಓಣಿಯಿತ್ತು. ನಲ್ಲಿ, ಮೋರಿ ಎರಡೂ ಅಲ್ಲೇ ಇದ್ದುದರಿಂದ ಕೊಳವೆಯನ್ನು ಉದ್ದ ಮಾಡಿ ಅಲ್ಲಿಗೆ ತಂದರು. ಹಳೆಯ ಟಾರಿನ ಡ್ರಮ್ಮಿಗೆ ನೀರು ತುಂಬಿಸಿ ಕೊಳವೆಯ ಬಾಯನ್ನು ಅದರಲ್ಲಿ ಮುಳುಗಿಸಿದರು. ಜನರೇಟರ್ ಶುರುಮಾಡಿದ ದಿನ ನಮ್ಮ ಬೀದಿಯವರೆಲ್ಲ ನೋಡಲು ಹೋಗಿದ್ದೆವು. ನೀರು ಗುಳುಗುಳು ಎಂದು ಉಕ್ಕಿತು. ಮೇಲೆ ಬಂದ ಹೊಗೆ ಇಡ್ಲಿ ಪಾತ್ರೆಯ ಹಬೆಯಷ್ಟು ಬಿಳಿ! ಜನ ಚಪ್ಪಾಳೆ ತಟ್ಟಿದರು. ಸಂಜೆಗೆ ಡ್ರಮ್ಮಿನ ನೀರು ಶಾಯಿಯಾಗಿತ್ತು. "ಇದೆಲ್ಲ ನಮ್ಮ ಶ್ವಾಸಕೋಶಕ್ಕೆ ಹೋಗ್ಬೇಕಾಗಿದ್ದಿದ್ದು ಕಣ್ರೀ" ಎಂದು ರುದ್ರಮ್ಮ ಬಂದವರಿಗೆಲ್ಲ ಅದನ್ನು ಹೆತ್ತ ಮಗುವಿನ ಹಾಗೆ ತೋರಿಸಿದರು. ಆ ಬೇಸಿಗೆ ಅವರ ತಾರಸಿಯಲ್ಲಿ ಸಂಡಿಗೆ ಮಲ್ಲಿಗೆಯ ಹಾಗೆ ಬೆಳ್ಳಗೆ ಒಣಗಿತು.

ಮರುವರ್ಷ ಅದೇ ಛತ್ರದಲ್ಲಿ ನನ್ನ ಅಕ್ಕ ಪದ್ಮಳ ಮದುವೆ.

ಆ ಬೆಳಗನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಎಲ್ಲಾದರೂ ಒಂದು ಕಡೆ ನಿಲ್ಲಿಸಲು ನೋಡುತ್ತೇನೆ, ಅದು ನಿಲ್ಲುವುದಿಲ್ಲ. ಹಿಂದಿನ ಸಂಜೆ ಮಳೆ ಬಂದಿತ್ತು. ಅಡುಗೆಯವರು ತರಕಾರಿ ನೆನೆಯದಿರಲೆಂದು ಆ ಓಣಿಯ ಮೇಲೆ ಉದ್ದಕ್ಕೂ ಟಾರ್ಪಾಲು ಕಟ್ಟಿದ್ದರು. ಮದುವಣಗಿತ್ತಿಯ ಕೋಣೆಯ ಒಂದು ಗೋಡೆ ಆ ಓಣಿಗೇ ಅಂಟಿಕೊಂಡಿತ್ತು. ವರನ ಕಡೆಯ ಹುಡುಗರು ಇಣುಕುತ್ತಾರೆಂದು ಕಿಟಕಿ ಮುಚ್ಚಿದ್ದೆವು. ಮೇಲೆ, ಚಾವಣಿಯ ಹತ್ತಿರ, ಒಂದು ಗಾಳಿಗಂಡಿ ತೆರೆದಿತ್ತು. ಒಂದಾದರೂ ತೆರೆದಿದೆಯಲ್ಲ ಎಂದು ನಾನೇ ಸಮಾಧಾನಪಟ್ಟುಕೊಂಡಿದ್ದೆ. ಅದು ಓಣಿಗೆ ತೆರೆದಿತ್ತು.

ನಮ್ಮಲ್ಲಿ ಧಾರೆಗೆ ಮುಂಚೆ ಮದುವಣಗಿತ್ತಿ ಗೌರಿಯ ಮುಂದೆ ಕೂತು ಪೂಜೆ ಮಾಡುತ್ತಾಳೆ. ಸೋದರಮಾವ ಬಂದು ಮಂಟಪಕ್ಕೆ ಕರೆದುಕೊಂಡು ಹೋಗುವ ತನಕ ಏಳಬಾರದು, ಮಾತಾಡಬಾರದು. ಬೆಳಗ್ಗಿನಿಂದ ಉಪವಾಸ. ಅಕ್ಕ ಕೂತ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು, ಜನರೇಟರ್ ಗುಡುಗಿತು. ಕೋಣೆಯಲ್ಲಿ ಇದ್ದವರು ಮೂವರು: ಅಕ್ಕ, ನಾನು, ದೊಡ್ಡಮ್ಮ. ಹೊಗೆಯ ವಾಸನೆ ಅಷ್ಟೇನೂ ಇರಲಿಲ್ಲ, ಇದ್ದದ್ದು ಸಾಂಬ್ರಾಣಿಯೊಳಗೆ ಸೇರಿಹೋಗಿತ್ತು. ನನಗೆ ತಲೆ ಸಿಡಿಯತೊಡಗಿತು. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡೆ. ದೊಡ್ಡಮ್ಮ ವಾಕರಿಕೆ ಬರುತ್ತಿದೆ ಎಂದು ಗೋಡೆಗೆ ಒರಗಿ, "ಪಿತ್ತ ಕಣೇ, ಖಾಲಿ ಹೊಟ್ಟೇಲಿ ಕಾಫಿ ಕುಡಿಬಾರ್ದಿತ್ತು" ಎಂದಳು. ಅಕ್ಕನ ಕೈಯಿಂದ ಅರಿಸಿನದಕ್ಷತೆ ಬೀಳುವುದು ನಿಧಾನವಾಯಿತು. ಆಮೇಲೆ ತಲೆ ಬಾಗಿತು. ಬಾಗಿಲಲ್ಲಿ ಇಣುಕಿದ ನೆಂಟರ ಹೆಂಗಸೊಬ್ಬಳು, "ಎಷ್ಟು ಭಕ್ತಿಯಿಂದ ಕೂತಿದಾಳೆ ನೋಡು! ಮದುವೆ ಕಳೆ ಬಂದ್ಬಿಟ್ಟಿದೆ, ಕೆನ್ನೆ ಹೇಗೆ ಕೆಂಪಾಗಿದೆ!" ಎಂದು ಮೆಚ್ಚಿ, ಪೂಜೆಗೆ ಭಂಗವಾಗದಿರಲೆಂದು ಬಾಗಿಲು ಎಳೆದುಕೊಂಡು ಹೋದಳು.

ಹೌದು, ಕೆನ್ನೆ ಕೆಂಪಾಗಿತ್ತು. ನಾನೂ ನೋಡಿ ಸಂತೋಷಪಟ್ಟೆ.

ಆ ಬಾಗಿಲನ್ನು ಮತ್ತೆ ತೆರೆದವರು ರುದ್ರಮ್ಮ. ಒಂದು ಮೊಳ ಮಲ್ಲಿಗೆ ಹಿಡಿದು ಬಂದಿದ್ದರು. ಅಭ್ಯಾಸಬಲದಿಂದ ಮೊದಲು ನನ್ನ ಕೈ ಹಿಡಿದರು.

"ಯಾಕೇ ಹೀಗಿದೀಯ?"

"ತಲೆನೋವು ಸಿಸ್ಟರ್."

"ನಂಗೂ ಹಾಳು ತಲೆನೋವು" ಎಂದಳು ದೊಡ್ಡಮ್ಮ. "ಆ ಮಗೂಗೂ ಸುಸ್ತಾಗಿದೆ, ಉಪವಾಸ ಅಲ್ವಾ."

"ಅವಳು ಉಪವಾಸ. ನೀನು ಬೆಳಗ್ಗೆ ಏನ್ ತಿಂದೆ?" ಎಂದು ನನ್ನನ್ನು ಕೇಳಿದರು.

"ಇಡ್ಲಿ. ಕೇಸರಿಬಾತು."

"ಹಂಗಾದ್ರೆ ನಿಂಗ್ಯಾಕೆ ತಲೆನೋವು? ಒಂದೇ ರೂಮಲ್ಲಿ ಮೂರೂ ಜನಕ್ಕೆ ಒಂದೇ ಕಾಯಿಲೆ ಹೆಂಗೆ ಬಂತು?"

ಅವರು ತಲೆ ಎತ್ತಿದರು. ಗಾಳಿಗಂಡಿಯಾಚೆಯಿಂದ ಜನರೇಟರಿನ ಗುಡುಗಿನ ಕೆಳಗೆ ಇನ್ನೊಂದು ಸದ್ದು ಬರುತ್ತಿತ್ತು. ಗುಳುಗುಳು, ಗುಳುಗುಳು.

"ಅಯ್ಯೋ ಶಿವನೇ. ನನ್ನ ಡ್ರಮ್ಮು."

ಮರುಗಳಿಗೆಯಲ್ಲಿ ಅವರು ಅಕ್ಕನ ಭುಜ ಹಿಡಿದು ಅಲುಗಿಸುತ್ತಿದ್ದರು. ಅಕ್ಕನ ತಲೆ ಆ ಕಡೆ ಈ ಕಡೆ ವಾಲಿತು, ಕಣ್ಣು ತೆರೆಯಲಿಲ್ಲ. ರುದ್ರಮ್ಮ ಬಾಗಿಲಿಗೆ ಹೋಗಿ, ನಾದಸ್ವರವನ್ನೂ ಮೀರಿಸಿ ಕೂಗಿದರು: "ಸೋದರಮಾವ ಯಾರ್ರೀ? ಬನ್ನಿ ಇಲ್ಲಿ!"

ಶ್ರೀಕಂಠ ಮಾಮ ರೇಷ್ಮೆ ಪಂಚೆ ಎತ್ತಿಕಟ್ಟುತ್ತ ಓಡಿಬಂದರು. "ಇನ್ನೂ ಟೈಮ್ ಆಗಿಲ್ಲ ಅಂದ್ರು ಪುರೋಹಿತರು..."

"ನಾನು ಹೇಳ್ತೀನಿ, ಆಗಿದೆ. ಇವಳನ್ನ ಎತ್ಕೊಂಡು ಹೋಗೋರು ನೀವು ತಾನೆ? ಎತ್ಕೊಳ್ಳಿ. ಮಂಟಪಕ್ಕಲ್ಲ, ಬೀದಿಗೆ!"

ದೊಡ್ಡಮ್ಮ ಗೋಡೆ ಹಿಡಿದು ಎದ್ದಳು. "ಪೂಜೆ ಮಧ್ಯ ಎಬ್ಬಿಸಬಾರ್ದು ಸಿಸ್ಟರ್, ಗೌರಮ್ಮನ್ನ ಬಿಟ್ಟು..."

"ಗೌರಮ್ಮನ್ನೂ ಎತ್ಕೊಂಡು ಬಾ. ಆ ತಾಯಿಗೂ ಗಾಳಿ ಬೇಕು!"

ಹಾಗೆಯೇ ಹೊರಟೆವು. ಮುಂದೆ ಅಕ್ಕನನ್ನು ತೋಳಲ್ಲಿ ಹೊತ್ತ ಮಾಮ, ಹಿಂದೆ ಗೌರಿಯ ತಟ್ಟೆ ಹಿಡಿದು ತೂರಾಡುತ್ತ ದೊಡ್ಡಮ್ಮ, ಅವಳ ಸೊಂಟ ಹಿಡಿದು ನಾನು. ಸಭಿಕರು ಇದೂ ಒಂದು ಶಾಸ್ತ್ರವೆಂದು ಅಕ್ಷತೆ ಹಾಕಿದರು. ರುದ್ರಮ್ಮ ನಂಜುಂಡಯ್ಯನವರನ್ನು ಹೆಸರು ಹಿಡಿದು ಕೂಗಿ ಜನರೇಟರ್ ನಿಲ್ಲಿಸಲು ಹೇಳಿದರು. ಅದು ನಿಂತಿತು. ಛತ್ರ ಕತ್ತಲಾಯಿತು, ಮೈಕು ಸತ್ತಿತು. ಆ ನಿಶ್ಶಬ್ದದಲ್ಲಿ ಅಮ್ಮ "ಪದ್ಮಾ" ಎಂದು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಂಗಳದ ಹೊಂಗೆಮರದ ಕೆಳಗೆ ಅಕ್ಕನನ್ನು ಮಲಗಿಸಿದರು. ಉಸಿರಿತ್ತು, ಎಚ್ಚರವಿರಲಿಲ್ಲ. "ಆಕ್ಸಿಜನ್ ಬೇಕು, ಈಗಲೇ" ಎಂದರು ರುದ್ರಮ್ಮ. ಗೇಟಿನಲ್ಲಿ ನಿಂತಿದ್ದದ್ದು ವರನ ಕಾರು, ಮೈತುಂಬ ಸೇವಂತಿಗೆ. ಜಯನಗರದ ನರ್ಸಿಂಗ್ ಹೋಮಿಗೆ ಹೊರಟಾಗ ಹಣೆಗೆ ಬಾಸಿಂಗ ಕಟ್ಟಿಕೊಂಡ ಭಾವ ಓಡಿಬಂದು ಮುಂದಿನ ಸೀಟಿನಲ್ಲಿ ಕೂತರು. ಅವರ ಚಿಕ್ಕಪ್ಪ ಕಿಟಕಿ ಹಿಡಿದು, "ಲೋ, ಮುಹೂರ್ತ ಮೀರುತ್ತೆ ಕಣೋ" ಎಂದರು.

"ಅವಳಿಲ್ದೆ ಯಾವ ಮುಹೂರ್ತ ಚಿಕ್ಕಪ್ಪ?"

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ರುದ್ರಮ್ಮ, "ನೀನು ಪಾಸು ಕಣಪ್ಪಾ. ಬಾಗಿಲು ಹಾಕು" ಎಂದರು.

ನರ್ಸಿಂಗ್ ಹೋಮಿನಲ್ಲಿ ಅಕ್ಕನ ಮುಖಕ್ಕೆ ಮಾಸ್ಕು ಹಾಕಿದರು. ರುದ್ರಮ್ಮ ಅವಳ ಮಣಿಕಟ್ಟು ಹಿಡಿದು ನಾಡಿ ನೋಡುತ್ತ ನಿಂತರು. ನಾನು ಸಿಲಿಂಡರಿನ ಮುಳ್ಳು ನೋಡುತ್ತಿದ್ದೆ. ಆ ನೆಂಟರ ಹೆಂಗಸು ಎಳೆದುಕೊಂಡು ಹೋದ ಬಾಗಿಲು ಹಾಗೇ ಇದ್ದಿದ್ದರೆ, ರುದ್ರಮ್ಮ ಹೂವು ಕೊಳ್ಳಲು ಇನ್ನಷ್ಟು ಚೌಕಾಸಿ ಮಾಡಿದ್ದರೆ, ನಾನೂ ಉಪವಾಸವಿದ್ದಿದ್ದರೆ... ಅಲ್ಲಿ ಶುರುವಾದ ಈ "ಇದ್ದಿದ್ದರೆ"ಗಳು ನನಗೆ ಇನ್ನೂ ಮುಗಿದಿಲ್ಲ.

ಬಹಳ ಹೊತ್ತಿನ ಮೇಲೆ ಅಕ್ಕ ಕಣ್ಣು ಬಿಟ್ಟಳು. ಮಾಸ್ಕನ್ನು ಬೆರಳಿನಿಂದ ಸ್ವಲ್ಪ ಸರಿಸಿ ಪಿಸುಗುಟ್ಟಿದಳು.

"ಈಗ ಮಾತಾಡಬಹುದಾ?"

"ಮಾತಾಡೇ ತಾಯಿ" ಎಂದರು ರುದ್ರಮ್ಮ. "ಜೀವ ಇರೋ ತನಕ ಮಾತಾಡು." ಅಷ್ಟು ಹೇಳಿ ವಾಯಿಲ್ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಬಾಸಿಂಗದ ಭಾವ ಅವರ ಬೆನ್ನು ಸವರುತ್ತ ನಿಂತರು.

ಸಂಜೆಯ ಹೊತ್ತಿಗೆ ಡಾಕ್ಟರು ಅರೆಮನಸ್ಸಿನಿಂದ ಒಪ್ಪಿದರು. ರುದ್ರಮ್ಮ ಹುಡುಗಿಯ ಪಕ್ಕ ಬಿಟ್ಟು ಕದಲಬಾರದೆಂಬುದು ಷರತ್ತು. ಪುರೋಹಿತರು ಪಂಚಾಂಗ ನೋಡಿ ಗೋಧೂಳಿ ಲಗ್ನವಿದೆ ಎಂದರು. ಛತ್ರದೊಳಗೆ ಕಾಲಿಡಲು ಯಾರಿಗೂ ಧೈರ್ಯವಿರಲಿಲ್ಲ. ಅಂಗಳದ ಹೊಂಗೆಯ ಕೆಳಗೆ, ಬಯಲಲ್ಲಿ, ಪೆಟ್ರೋಮ್ಯಾಕ್ಸ್ ದೀಪಗಳ ಬೆಳಕಿನಲ್ಲಿ ಧಾರೆಯಾಯಿತು. ಮೈಕಿಲ್ಲದ ನಾದಸ್ವರ ಎಷ್ಟು ಇಂಪೆಂದು ನಮಗೆ ಅವತ್ತೇ ತಿಳಿದದ್ದು. ಮದುಮಕ್ಕಳ ಜೊತೆಗೆ ಮೂರನೆಯ ಕುರ್ಚಿಯಲ್ಲಿ ರುದ್ರಮ್ಮ. ಮದುವೆಯ ಒಂದೊಂದು ಫೋಟೋದಲ್ಲೂ ಅವರಿದ್ದಾರೆ, ಅಕ್ಕನ ಮಣಿಕಟ್ಟು ಹಿಡಿದುಕೊಂಡು.

ಆ ವಾರವೇ ರುದ್ರಮ್ಮ ಛತ್ರದ ಟ್ರಸ್ಟಿಗಳ ಸಭೆ ಕರೆಸಿದರು. ಮಗಳ ತಂದೆಯೆಂದು ಅಪ್ಪನಿಗೂ ಹೇಳಿಕಳಿಸಿದ್ದರು, ಅಪ್ಪನ ಜೊತೆ ನಾನೂ ಹೋದೆ. ಎಲ್ಲರೂ ನಂಜುಂಡಯ್ಯನವರನ್ನು ಬಯ್ಯಲು ಸಿದ್ಧರಾಗಿ ಕೂತಿದ್ದರು. ರುದ್ರಮ್ಮ ಎದ್ದು ನಿಂತರು.

"ಅವರನ್ನ ಬಯ್ಬೇಡಿ. ನೀರಿನ ಡ್ರಮ್ಮು ಇಡಿ ಅಂದೋಳು ನಾನು. ನೀರು ಮಸಿ ತೊಳೀತು, ವಿಷ ತೊಳೀಲಿಲ್ಲ. ಅದು ಟಾರ್ಪಾಲಿನಡಿ ನಿಂತು ಗಾಳಿಗಂಡೀಲಿ ಒಳಗೆ ಬಂತು. ಕಾರ್ಬನ್ ಮಾನಾಕ್ಸೈಡು ಅಂತಾರೆ, ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಸೇರಿದ್ರೆ ಕೆನ್ನೆ ಕೆಂಪಾಗುತ್ತೆ, ನಾವು ಮದುವೆ ಕಳೆ ಅಂದ್ಕೋತೀವಿ. ಹೊಗೆ ಕಪ್ಪಗಿದ್ದಾಗ ನಾವೇ ದೂರ ಓಡ್ತಿದ್ವಿ. ನಾನು ಅದಕ್ಕೆ ಬಿಳಿ ಬಟ್ಟೆ ಉಡಿಸಿ ಮದುಮಗಳ ಪಕ್ಕ ಕೂರಿಸ್ದೆ."

ಟ್ರಸ್ಟಿಯೊಬ್ಬರು, "ಹೋಗ್ಲಿ ಬಿಡಿ ಸಿಸ್ಟರ್, ದೇವರ ದಯೆ, ಏನೂ ಆಗ್ಲಿಲ್ವಲ್ಲ" ಎಂದರು.

"ಮುಂದಿನ ಸಲ ದೇವರು ಬೇರೆ ಮದುವೇಲಿ ಬಿಜಿ ಇರ್ತಾನೆ. ಕೊಳವೆ ಮೇಲಕ್ಕೆ ಹೋಗ್ಬೇಕು. ಅಲ್ಲೀವರ್ಗೂ ಈ ಛತ್ರದಲ್ಲಿ ಒಂದು ವಾಲಗ ಊದಕ್ಕೆ ಬಿಡಲ್ಲ ನಾನು."

ಬಿಡಲಿಲ್ಲ. ಡ್ರಮ್ಮು ಗುಜರಿಗೆ ಹೋಯಿತು. ಜನರೇಟರನ್ನು ಕೋಣೆಗಳಿಂದ ದೂರ, ಹಿತ್ತಲ ಮೂಲೆಗೆ ಒಯ್ದು ಗೋಡೆಯಿಲ್ಲದ ಶೀಟಿನ ಮಾಡಿನ ಕೆಳಗೆ ಕೂರಿಸಿದರು. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ, ನೀರಿನ ಒತ್ತಡಕ್ಕೆ ಎಂಜಿನ್ನಿಗೇ ಉಸಿರು ಕಟ್ಟಿ ಡೀಸೆಲ್ ಸರಿಯಾಗಿ ಉರಿಯುತ್ತಿರಲಿಲ್ಲ ಎಂದ. ಅದನ್ನು ಶುಚಿ ಮಾಡಿದರು, ಅದರ ಮೇಲೆ ಹೇರಿದ್ದ ಬಣ್ಣದ ದೀಪಗಳ ಭಾರ ಇಳಿಸಿದರು. ಕೊಳವೆ ಛತ್ರದ ತಾರಸಿ ದಾಟಿ, ನಮ್ಮ ಮನೆಗಳ ನೀರಿನ ಟ್ಯಾಂಕು ದಾಟಿ, ಆಕಾಶಕ್ಕೆ ಏರಿತು. ಮೊದಲ ಸಲ ಶುರುಮಾಡಿದಾಗ ಹೊಗೆ ತೆಳ್ಳಗೆ ಎದ್ದು ತೆಂಗಿನ ಗರಿಗಳ ಮೇಲೆ ಚದುರಿ ಇಲ್ಲವಾಯಿತು. ಈ ಸಲ ರುದ್ರಮ್ಮ ಚಪ್ಪಾಳೆ ತಟ್ಟಲಿಲ್ಲ. ಕೋಣೆಕೋಣೆಗೂ ಹೋಗಿ ಕೂತು, ತಲೆನೋವು ಬರಲಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ಹೊರಬಂದು, "ಹೂಂ, ಇದು ಸರಿ" ಎಂದರು.

ಅಷ್ಟಕ್ಕೆ ನಿಲ್ಲಲಿಲ್ಲ. ಜಯನಗರ, ಜೆ.ಪಿ. ನಗರ, ಕನಕಪುರ ರಸ್ತೆಯಲ್ಲಿ ಜರಗನಹಳ್ಳಿಯ ತನಕ, ಎಲ್ಲಿ ಜನರೇಟರ್ ಸದ್ದು ಕೇಳಿದರೂ ಬಸ್ಸಿಳಿದುಬಿಡುತ್ತಿದ್ದರು. ಛತ್ರವಿರಲಿ, ಅಂಗಡಿ ಸಾಲಿರಲಿ, ಕ್ಲಿನಿಕ್ಕಿರಲಿ, ಕೇಳುವುದು ಎರಡೇ ಪ್ರಶ್ನೆ: ಹೊಗೆ ಎಲ್ಲಿಗೆ ಹೋಗುತ್ತೆ? ಕಿಟಕಿ ಎಲ್ಲಿದೆ? ಕರೆಯದ ಮದುವೆಗಳಿಗೂ ಹೋಗಿ ಊಟದ ಮನೆಗೆ ಮುಂಚೆ ಹಿತ್ತಲಿಗೆ ಹೋಗುತ್ತಿದ್ದರು. ಒಬ್ಬ ಮಾಲೀಕ ರೇಗಿ, "ಯಾರಮ್ಮಾ ನೀವು? ಯಾವ ಇಲಾಖೆಯಿಂದ ಬಂದಿದೀರ?" ಎಂದನಂತೆ. "ನಾನೂ ಒಂದು ಡ್ರಮ್ಮು ಇಡ್ಸಿದ್ದೆ ಕಣಪ್ಪಾ, ಅದರ ಕಥೆ ಹೇಳೋಕೆ ಬಂದೆ" ಎಂದು ಅಲ್ಲೇ ಕೂತು ಅಕ್ಕನ ಮದುವೆಯ ಕಥೆ ಪೂರ್ತಿ ಹೇಳಿದರು. ಕಥೆ ಮುಗಿಯುವ ಹೊತ್ತಿಗೆ ಆತ ಏಣಿ ತರಿಸಿದ್ದ. ಹುಡುಗರು ಅವರನ್ನು ಜನರೇಟರ್ ಆಂಟಿ ಎಂದು ಕರೆಯುತ್ತಿದ್ದರು. ನಮ್ಮ ತಾರಸಿಯಿಂದ ನೋಡಿದರೆ ವರ್ಷದಿಂದ ವರ್ಷಕ್ಕೆ ಮನೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕೊಳವೆ ತಲೆಯೆತ್ತುತ್ತಿತ್ತು. ಬಾವುಟ ನೋಡುವ ಹಾಗೆ ನೋಡುತ್ತಿದ್ದೆವು.

ನನ್ನ ಮದುವೆಯೂ ಅದೇ ಛತ್ರದಲ್ಲಾಯಿತು. ನಾನು ಬೇಡವೆಂದು ಹಟ ಹಿಡಿದಿದ್ದೆ, ಆ ಕೋಣೆಯಲ್ಲಿ ಕೂರಲಾರೆ ಎಂದಿದ್ದೆ. "ನಾನು ಕೂರ್ತೀನಿ ನಿನ್ನ ಜೊತೆ" ಎಂದರು ರುದ್ರಮ್ಮ. ಅಷ್ಟರಲ್ಲಿ ಅವರಿಗೆ ಮಂಡಿ ಹಿಡಿದಿತ್ತು, ಆದರೂ ಗೌರಿಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಎಲ್ಲ ಕಿಟಕಿಗಳೂ ತೆರೆದಿದ್ದವು. ಕರೆಂಟು ಹೋಯಿತು. ದೂರದಲ್ಲಿ ಜನರೇಟರ್ ಗುಡುಗಿದ ಕೂಡಲೇ ನಾನು ಪೂಜೆ ಬಿಟ್ಟು ಗಾಳಿಗಂಡಿಯ ಕಡೆಗೇ ನೋಡತೊಡಗಿದೆ.

"ಮಾತಾಡ್ತಾ ಇರು" ಎಂದರು.

"ಮಾತಾಡಬಾರದಲ್ವಾ ಸಿಸ್ಟರ್?"

"ಗೌರಮ್ಮನ್ನ ಕೇಳಿದೀನಿ. ನಿಮ್ಮ ಮಾತು ಕೇಳ್ದೆ ಅವಳಿಗೂ ಬೇಜಾರಂತೆ. ಹುಡುಗ ಹೆಂಗಿದಾನೆ ಹೇಳು. ಸಿಗರೇಟು ಸೇದ್ತಾನಾ?"

ಮಾಮ ಬಂದು ಕರೆಯುವ ತನಕ ಮಾತಾಡಿದೆವು. ದೊಡ್ಡಮ್ಮ ಹೊರಗಿನಿಂದ ಶ್ ಶ್ ಎನ್ನುತ್ತಿದ್ದಳು. ಅಷ್ಟು ನಗುತ್ತ ಮಂಟಪಕ್ಕೆ ಬಂದ ಮದುವಣಗಿತ್ತಿಯನ್ನು ನೋಡಿಲ್ಲವೆಂದು ಪುರೋಹಿತರು ಆಮೇಲೆ ಹೇಳಿದರು.

ಮದುವೆಯಾಗಿ ನಾನು ಶಿವಮೊಗ್ಗಕ್ಕೆ ಹೋದೆ. ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮಲಗಿದ ರುದ್ರಮ್ಮ ಏಳಲಿಲ್ಲ. ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಪಟೂರಿನಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವರನ್ನು ಕಡೆಯದಾಗಿ ನೋಡಿದ್ದು ನನ್ನ ಧಾರೆಯ ಗಳಿಗೆಯಲ್ಲಿ.

ನನಗೂ ವರನಿಗೂ ನಡುವೆ ಅಂತರಪಟ ಹಿಡಿದಿದ್ದರು. ಪರದೆ ಇಳಿದ ಕ್ಷಣ ಮದುವಣಗಿತ್ತಿ ಮೊದಲು ವರನ ಮುಖ ನೋಡಬೇಕು. ನಾದಸ್ವರ ಏರಿತು, ಜೀರಿಗೆ ಬೆಲ್ಲ ನನ್ನ ಮುಷ್ಟಿಯಲ್ಲಿ ಬೆವರಿತ್ತು, ಪರದೆ ಸರ್ರೆಂದು ಇಳಿಯಿತು. ನನ್ನ ಕಣ್ಣು ವರನ ಭುಜ ದಾಟಿ ಹಿಂದಿನ ಬಾಗಿಲಿಗೆ ಹೋಯಿತು. ಹಿತ್ತಲಿಂದ ಆಗಷ್ಟೇ ಬಂದ ರುದ್ರಮ್ಮ ಅಲ್ಲಿ ಚೌಕಟ್ಟು ಹಿಡಿದು, ಮಂಡಿನೋವಿಗೆ ಒಂದು ಕಾಲೆತ್ತಿ ನಿಂತಿದ್ದರು. ನನ್ನ ಕಣ್ಣು ಸಿಕ್ಕಿದ ಕೂಡಲೇ ತೋರುಬೆರಳನ್ನು ಆಕಾಶಕ್ಕೆ ಎತ್ತಿ ತೋರಿಸಿದರು, ಹೊಗೆ ಅತ್ತ ಹೋಗುತ್ತಿದೆ ಎಂದು. ಆಮೇಲೆ ಅದೇ ಬೆರಳನ್ನು ವರನ ಕಡೆ ತಿರುಗಿಸಿ, ಹುಬ್ಬು ಗಂಟಿಕ್ಕಿ, ಅವನನ್ನು ನೋಡೇ ಎಂದು ಗದರಿದರು. ನಾನು ನೋಡಿದೆ.